ಬಿಪಿಸಿ-157 ಪೆಪ್ಟೈಡ್ ಚುಚ್ಚಿಸಿಕೊಂಡರೆ ಹಿಮ್ಮಡಿ ನೋವು ಬೇಗ ವಾಸಿಯಾಗುತ್ತಾ? ಪುಣೆಯ ನನ್ನ ಜಿಮ್ ಗೆಳೆಯರು ಹಾಗೆ ಹೇಳ್ತಾರೆ.

ಹಾಗೆ ನಂಬಲು ಸದ್ಯಕ್ಕೆ ಆಧಾರ ಸಾಲದು. ನಿಮ್ಮ ಗೆಳೆಯರು ಹೇಳುವ ಫಲಿತಾಂಶಗಳು ಹೆಚ್ಚಾಗಿ ಇಲಿಗಳ ಮೇಲಿನವು. ಮನುಷ್ಯರ ಮೇಲೆ ನಡೆದದ್ದು ಕೆಲವೇ ಸಣ್ಣ ಅಧ್ಯಯನಗಳು.

ಬಿಪಿಸಿ-157 ಎಂದರೆ ಪ್ರೋಟೀನ್ ಕಟ್ಟುವ 15 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಹಿಮ್ಮಡಿಯ ಹಿಂದೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ (ಟೆಂಡನ್) ರಕ್ತ ಕಡಿಮೆ ಹರಿಯುತ್ತದೆ, ಅದಕ್ಕೇ ಗಾಯ ನಿಧಾನವಾಗಿ ಮಾಯುತ್ತದೆ. ಇಲಿಗಳಲ್ಲಿ ಈ ಪೆಪ್ಟೈಡ್ ಹೊಸ ರಕ್ತನಾಳ ಬೆಳೆಯಲು ನೆರವಾಯಿತು. ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ ಕ್ಯಾನ್ಸರ್ ಗಡ್ಡೆಗಳು ಬೆಳೆಯುವುದಕ್ಕೂ ಹೊಸ ರಕ್ತನಾಳವೇ ಬೇಕು, ಅಲ್ವಾ? ಹಾಗಾಗಿ ಅನುಮಾನ ಸುಮ್ನೆ ಅಲ್ಲ.

ಸ್ಪರ್ಧೆಗಳಲ್ಲಿ ಓಡುವವರಾದರೆ ಮುಟ್ಟಲೇಬೇಡಿ: ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಇದನ್ನು 2022ರಿಂದ ನಿಷೇಧಿಸಿದೆ.

ನಿಧಾನವಾಗಿ ಭಾರ ಹೆಚ್ಚಿಸುವ ಹಿಮ್ಮಡಿ ವ್ಯಾಯಾಮಕ್ಕೆ ಪುರಾವೆ ಜಾಸ್ತಿ ಇದೆ. ಸುಮಾರು 12 ವಾರ ಹಿಡಿಯುತ್ತದೆ, ಬೇಜಾರಿನ ಕೆಲಸವೇ. ಫಿಸಿಯೋ ಹತ್ತಿರ ಕಲಿತು ಶುರುಮಾಡಿ.