ದ್ವೀಪಕ್ಕೆ ಹೋದಾಗ ಹವಳಕ್ಕೆ ಪೆಟ್ಟಾಗದಂತೆ ನೀರೊಳಗೆ ಫೋಟೋ ತೆಗೆಯುವುದು ಹೇಗೆ?

ಮೊದಲ ಸಲ ದ್ವೀಪವೊಂದಕ್ಕೆ ಹೊರಟಿದ್ದೀರಿ. ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿದಿದೆ, ಹೌಸಿಂಗ್ (ನೀರು ನುಗ್ಗದ ಹೊರಕವಚ) ಸಮೇತ ಕಾಂಪ್ಯಾಕ್ಟ್ ಕ್ಯಾಮೆರಾ ಕೊಂಡಿದ್ದೀರಿ. ಚಿತ್ರ ಚೆನ್ನಾಗಿ ಬರಬೇಕು, ಹವಳಕ್ಕೆ ಹಾನಿಯೂ ಆಗಬಾರದು, ಅದಕ್ಕೆ ಏನೇನು ಕಲಿತಿರಬೇಕು ಎಂದು ಕೇಳಿದ್ದೀರಿ. ನನ್ನ ಮೊದಲ ಸಲಹೆ ನಿಮಗೆ ಹಿಡಿಸದಿರಬಹುದು: ಮೊದಲ ಎರಡು ಡೈವ್‌ಗೆ ಕ್ಯಾಮೆರಾ ಒಯ್ಯಬೇಡಿ.

ಕ್ಯಾಮೆರಾ ಕೈಗೆ ಬಂದ ಕೂಡಲೇ ಎರಡೂ ಕೈ, ಪೂರ್ತಿ ಗಮನ ಅದಕ್ಕೇ ಹೋಗುತ್ತದೆ. ಕಣ್ಣು ಪರದೆಯ ಮೇಲಿರುವಾಗ ಹಿಂದೆ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ ಡೈವರ್‌ಗಳನ್ನು ಹಿಂಬಾಲಿಸಿ ಎಣಿಸಿದ ಅಧ್ಯಯನವೊಂದರಲ್ಲಿ, ಕ್ಯಾಮೆರಾ ಹಿಡಿದವರೇ ಹವಳಕ್ಕೆ ಹೆಚ್ಚು ಸಲ ತಗುಲಿದ್ದು ಕಂಡುಬಂತು. ಕವಲೊಡೆದು ಬೆಳೆಯುವ ಹವಳ ಬೇಗ ಬೆಳೆಯುವ ಜಾತಿ, ಆದರೂ ವರ್ಷಕ್ಕೆ ಸುಮಾರು 10 ಸೆಂ.ಮೀ. ಅಷ್ಟೇ. ಗುಂಡುಬಂಡೆಯಂತೆ ಕಾಣುವವು ವರ್ಷಕ್ಕೆ ಒಂದೆರಡು ಸೆಂ.ಮೀ. ಬೆಳೆದರೆ ಹೆಚ್ಚು. ಮುರಿಯುವುದೊಂದೇ ಹಾನಿಯಲ್ಲ. ಫಿನ್ ಎಬ್ಬಿಸಿದ ಮರಳು ಪಾಲಿಪ್‌ಗಳ (ಹವಳವನ್ನು ಕಟ್ಟುವ ಪುಟ್ಟ ಜೀವಿಗಳ) ಮೇಲೆ ಕೂತರೆ ಅದನ್ನು ಸರಿಸಲು ಹವಳ ಲೋಳೆ ಸುರಿಸಬೇಕಾಗುತ್ತದೆ, ಆ ಲೋಳೆಗೆ ಅದರ ಆಹಾರದ ಶಕ್ತಿಯೇ ಖರ್ಚಾಗುತ್ತದೆ. ಬಿಸಿನೀರಿನಿಂದ ಬಿಳಿಚಿಕೊಂಡಿರುವ ಹವಳಕ್ಕಂತೂ ಹಾಗೆ ಖರ್ಚು ಮಾಡಲು ಉಳಿದಿರುವ ಶಕ್ತಿಯೇ ಕಡಿಮೆ.

ಆ ಎರಡು ಡೈವ್‌ನಲ್ಲಿ ನೀರಿನಲ್ಲಿ ಅಲುಗಾಡದೆ ನಿಲ್ಲುವುದನ್ನು ಕಲಿಯಿರಿ. ಮೊದಲು ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿಯಾಗಬೇಕು. ಡೈವ್ ಕೊನೆಗೆ, ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, 5 ಮೀಟರ್ ಆಳದಲ್ಲಿ ಜಾಕೆಟ್‌ನ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಡೈವಿಂಗ್ ಅಂಗಿಯ) ಗಾಳಿಯನ್ನೆಲ್ಲ ಬಿಟ್ಟು ಸಹಜವಾಗಿ ಉಸಿರಾಡಿ. ಮುಳುಗಲೂ ಬಾರದು, ಏಳಲೂ ಬಾರದು. ಮುಳುಗಿದರೆ ಸೀಸ ಹೆಚ್ಚಾಗಿದೆ ಎಂದರ್ಥ, ಮುಂದಿನ ಸಲ ಒಂದೊಂದೇ ಕಿಲೋ ತೆಗೆಯಿರಿ. ಈ ಪರೀಕ್ಷೆಯನ್ನು ಕೊನೆಗೇ ಮಾಡಬೇಕು, ಏಕೆಂದರೆ ಗಾಳಿ ಖಾಲಿಯಾದಂತೆ ಸಿಲಿಂಡರ್ ಸುಮಾರು 2 ಕಿಲೋ ಹಗುರವಾಗುತ್ತದೆ.

ಸೀಸ ಹೆಚ್ಚಾದವರ ಪಾಡು ಹೀಗೆ: ಸೀಸ ಕೆಳಗೆಳೆಯುತ್ತದೆ, ಸರಿದೂಗಿಸಲು ಜಾಕೆಟ್‌ಗೆ ಗಾಳಿ ತುಂಬುತ್ತಾರೆ, ಆ ಗಾಳಿ ಎದೆಯನ್ನು ಎತ್ತುತ್ತದೆ, ಸೊಂಟದ ಸೀಸ ಕಾಲನ್ನು ಇಳಿಸುತ್ತದೆ. ಮೈ ಓರೆಯಾಗಿ ನಿಂತು ಫಿನ್‌ಗಳು ನೇರ ಹವಳಕ್ಕೆ ತಾಗುತ್ತವೆ. ಕಾಲು ಇನ್ನೂ ಇಳಿಯುತ್ತಿದ್ದರೆ ಒಂದು ಕಿಲೋ ಸೀಸವನ್ನು ಸೊಂಟದಿಂದ ತೆಗೆದು ಸಿಲಿಂಡರ್ ಪಟ್ಟಿಗೆ ಕಟ್ಟಿ. ಕಾಲನ್ನು ಮೇಲೆ ಕೆಳಗೆ ಬಡಿಯದೆ ಕಪ್ಪೆಯಂತೆ ಬದಿಗೆ ತಳ್ಳಿ ಈಜಿ, ಆಗ ನೀರು ಹಿಂದಕ್ಕೆ ಹೋಗುತ್ತದೆಯೇ ಹೊರತು ಮರಳಿನ ಮೇಲೆ ಬೀಳುವುದಿಲ್ಲ. ಹಿಂದಕ್ಕೆ ಸರಿಯುವ ಕಾಲ್ತಳ್ಳನ್ನೂ ಕಲಿಯಿರಿ, ಫೋಟೋಗ್ರಾಫರ್‌ಗೆ ಅದು ಮುಂದೆ ಹೋಗುವುದಕ್ಕಿಂತ ಮುಖ್ಯ. ಬರೀ ಮರಳಿರುವ ಜಾಗದಲ್ಲಿ, ನೆಲದಿಂದ ಅರ್ಧ ಮೀಟರ್ ಮೇಲೆ, ಕೈ ಆಡಿಸದೆ ಒಂದು ನಿಮಿಷ ನಿಂತು ನೋಡಿ. ನಿಲ್ಲಲಾದರೆ ಮೂರನೆಯ ಡೈವ್‌ಗೆ ಕ್ಯಾಮೆರಾ ತನ್ನಿ. ಗೇಜ್ (ಗಾಳಿ ಎಷ್ಟಿದೆ ಎಂದು ತೋರಿಸುವ ಮಾಪಕ), ಹೆಚ್ಚುವರಿ ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ಇವುಗಳ ಪೈಪು ನೇತಾಡದಂತೆ ಕ್ಲಿಪ್ ಹಾಕಿ. ಹೌಸಿಂಗ್ ನೀರಿನಲ್ಲಿ ಮಣಿಕಟ್ಟನ್ನು ಕೆಳಗೆಳೆಯುತ್ತಿದ್ದರೆ ಅದಕ್ಕೆ ತೇಲುವ ಫೋಮ್ ಸೇರಿಸಿ.

ಹವಳದ ಹತ್ತಿರ ಹೋಗುವಾಗ, ಹೊರಬರುವ ದಾರಿಯನ್ನು ಮೊದಲು ನೋಡಿಟ್ಟುಕೊಳ್ಳಿ. ಪ್ರವಾಹಕ್ಕೆ ಎದುರಾಗಿ ಹೋಗಿ. ಕಾಲು ನಿಲ್ಲಿಸಿದರೆ ನೀರು ನಿಮ್ಮನ್ನು ಹವಳದಿಂದ ದೂರಕ್ಕೆ ತಳ್ಳುತ್ತದೆ, ಎದ್ದ ಕಸವೂ ನಿಮ್ಮ ಹಿಂದಕ್ಕೇ ಹೋಗುತ್ತದೆ. ಇದರಲ್ಲೊಂದು ನಷ್ಟವಿದೆ: ಮೀನುಗಳೂ ಪ್ರವಾಹಕ್ಕೆ ಮುಖ ಮಾಡಿಯೇ ನಿಲ್ಲುವುದರಿಂದ ಬರೀ ಬಾಲ ಸಿಗುತ್ತದೆ. ಬದಿಗೆ ಸರಿದು, ಮೀನು ತಾನಾಗಿ ತಿರುಗುವವರೆಗೆ ಕಾಯಿರಿ. ಕ್ಲಿಕ್ಕಿಸಲೆಂದು ಉಸಿರು ಕಟ್ಟಬೇಡಿ. ಉಸಿರು ಕಟ್ಟಿ ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಅಪಾಯ. ನಿಧಾನವಾಗಿ ಉಸಿರು ಬಿಡುವ ಹೊತ್ತಿನಲ್ಲಿ ಒತ್ತಿ.

ಈಗ ಬೆಳಕಿನ ವಿಷಯ. ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಸುಮಾರು 5 ಮೀಟರ್‌ಗೆ ಕೆಂಪು, 10ಕ್ಕೆ ಕಿತ್ತಳೆ, 20ಕ್ಕೆ ಹಳದಿ ಬಹುಪಾಲು ಮಾಯ. ಈ ಲೆಕ್ಕ ಆಳಕ್ಕಷ್ಟೇ ಅಲ್ಲ, ಕ್ಯಾಮೆರಾಗೂ ಮೀನಿಗೂ ನಡುವಿನ ದೂರಕ್ಕೂ ಅನ್ವಯಿಸುತ್ತದೆ. ಹಾಗಾಗಿ ಜೂಮ್ ಬೇಡ, ಹತ್ತಿರ ಹೋಗಬೇಕು, ಒಂದು ಮೀಟರ್ ಒಳಗೆ. ಆದರೆ ಹತ್ತಿರ ಹೋಗುವಾಗಲೇ ಹವಳ ಮುರಿಯುವುದು. ಅದಕ್ಕೆ ವಿಷಯವನ್ನು ಆರಿಸುವಾಗಲೇ ವಿವೇಚನೆ ಬೇಕು: ಗೋಡೆಯಿಂದ ಹೊರಚಾಚಿರುವ ಹವಳ, ಮರಳಿನ ಅಂಚಿನಲ್ಲಿರುವ ಬಂಡೆ, ನೀರಿನ ನಡುವೆ ತೇಲುವ ಮೀನಿನ ಹಿಂಡು. ಕವಲು ಹವಳದ ಪೊದೆಯೊಳಗೆ ಅವಿತ ಪುಟ್ಟ ಏಡಿಗೆ ಮ್ಯಾಕ್ರೋ ಲೆನ್ಸ್‌ನಲ್ಲಿ (ಸಣ್ಣದನ್ನು ದೊಡ್ಡದಾಗಿ ತೆಗೆಯುವ ಲೆನ್ಸ್) 5–10 ಸೆಂ.ಮೀ. ಹತ್ತಿರ ಹೋಗಬೇಕಾಗುತ್ತದೆ. ಸುತ್ತ ಮೈ ನಿಲ್ಲಿಸಲು ಜಾಗವಿಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ.

ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲ್ಯಾಶ್) ಇಲ್ಲದಿದ್ದರೆ 3ರಿಂದ 5 ಮೀಟರ್ ಆಳದಲ್ಲೇ ಇರಿ, ಸೂರ್ಯ ಎತ್ತರದಲ್ಲಿರಲಿ, ನಿಮ್ಮ ಬೆನ್ನ ಹಿಂದಿರಲಿ. ಬಿಳಿ ಸ್ಲೇಟ್ ತೋರಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಾಣಿಕೆ) ಹೊಂದಿಸಿ, ಆಳ ಮೂರು ಮೀಟರ್ ಬದಲಾದಾಗಲೆಲ್ಲ ಮತ್ತೆ ಹೊಂದಿಸಿ. ರಾ ಫೈಲ್‌ನಲ್ಲಿ (ಬಣ್ಣವನ್ನು ಆಮೇಲೆ ತಿದ್ದಲು ಬರುವ ಮೂಲ ಫೈಲ್) ತೆಗೆಯಿರಿ. ಸ್ಟ್ರೋಬ್ ಇದ್ದರೆ ವಿಶಾಲ ದೃಶ್ಯದ (ವೈಡ್) ಚಿತ್ರಕ್ಕೆ ಶಟರ್ ವೇಗ 1/125 ಸೆಕೆಂಡ್, ಅಪರ್ಚರ್ (ಲೆನ್ಸ್ ಕಿಂಡಿ) ಎಫ್/5.6ರಿಂದ ಎಫ್/8, ಐಎಸ್‌ಒ (ಬೆಳಕಿನ ಸಂವೇದನೆ) 200ರಿಂದ ಶುರು ಮಾಡಿ. ಸಣ್ಣ ಜೀವಿಗಳಿಗೆ 1/200, ಎಫ್/8 ಅಥವಾ ಎಫ್/11, ಐಎಸ್‌ಒ 100. ಹಿನ್ನೆಲೆಯ ನೀಲಿ ಕಡುವಾಗಬೇಕಾದರೆ ಶಟರ್ ವೇಗ ಹೆಚ್ಚಿಸಿ, ಮುಂದಿನ ವಸ್ತು ಬೆಳಗಬೇಕಾದರೆ ಸ್ಟ್ರೋಬ್ ಶಕ್ತಿ ಹೆಚ್ಚಿಸಿ. ಈ ಎರಡನ್ನು ಬೇರೆ ಬೇರೆಯಾಗಿ ಯೋಚಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಚಿತ್ರದ ತುಂಬ ಬಿಳಿ ಚುಕ್ಕಿ ಬಂದರೆ, ಲೆನ್ಸ್ ಮುಂದಿನ ಕಣಗಳ ಮೇಲೆ ಸ್ಟ್ರೋಬ್ ಬೆಳಕು ಬೀಳುತ್ತಿದೆ. ಸ್ಟ್ರೋಬ್ ಅನ್ನು ಪಕ್ಕಕ್ಕೆ ಅಗಲಿಸಿ, ಲೆನ್ಸ್‌ಗಿಂತ ತುಸು ಹಿಂದಿಟ್ಟು, ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿ. ಆಗಲೂ ಚುಕ್ಕಿ ಹೋಗದಿದ್ದರೆ ನಿಮ್ಮ ಕಾಲಿನತ್ತ ನೋಡಿ, ಮರಳು ಎಬ್ಬಿಸುತ್ತಿರುವುದು ಬಹುಶಃ ನೀವೇ.

ಹೌಸಿಂಗ್‌ಗೆ ನೀರು ನುಗ್ಗುವುದು ಬಹುತೇಕ ಓ-ರಿಂಗ್ (ಮುಚ್ಚಳದ ರಬ್ಬರ್ ಉಂಗುರ) ಮೇಲಿನ ಒಂದು ಕೂದಲಿನಿಂದ ಅಥವಾ ಮರಳಿನ ಕಣದಿಂದ. ದೋಣಿಯಲ್ಲಿ ಅವಸರದಿಂದ ಮುಚ್ಚಬೇಡಿ. ಹಿಂದಿನ ರಾತ್ರಿ ಕೋಣೆಯಲ್ಲಿ ರಿಂಗ್ ತೆಗೆದು, ಬೆರಳಿನಿಂದ ಸವರಿ ನೋಡಿ, ರಿಂಗ್ ಕೂರುವ ತೋಡನ್ನು ಬಟ್ಟೆಯಿಂದ ಒರೆಸಿ, ಹೌಸಿಂಗ್ ತಯಾರಕರು ಹೇಳಿದ ಗ್ರೀಸ್ ಅನ್ನು ಹೊಳಪು ಬರುವಷ್ಟು ಮಾತ್ರ ಹಚ್ಚಿ. ಮೆತ್ತಿದ ಗ್ರೀಸ್ ಕಸವನ್ನು ಹಿಡಿಯುತ್ತದೆ. ಮುಚ್ಚುವ ಮುನ್ನ ಒಳಗೊಂದು ಸಿಲಿಕಾ ಜೆಲ್ ಪೊಟ್ಟಣವಿಡಿ, ಇಲ್ಲದಿದ್ದರೆ ತಣ್ಣನೆಯ ನೀರಿನಲ್ಲಿ ಗಾಜು ಮಂಜು ಹಿಡಿಯುತ್ತದೆ. ಡೈವ್ ಆದ ಮೇಲೆ ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎಲ್ಲ ಬಟನ್ ಒತ್ತಿ.

ಪ್ರಾಣಿಗಳ ಮಟ್ಟಿಗೆ, ಅವುಗಳ ನಡವಳಿಕೆ ಬದಲಾಯಿತೆಂದರೆ ನೀವು ಗೆರೆ ದಾಟಿದ್ದೀರಿ. ಪಫರ್ ಮೀನು ಉಬ್ಬುವುದು, ಕ್ಲೌನ್ ಮೀನು ಮುಖಕ್ಕೆ ಎಗರಿ ಬರುವುದು, ಅಡಗಿದ್ದ ಆಕ್ಟೋಪಸ್ ಹೊರಟು ಓಡುವುದು, ಎಲ್ಲವೂ ಹಿಂದೆ ಸರಿಯಿರಿ ಎಂಬ ಸೂಚನೆ. ಕಡಲಾಮೆ ಉಸಿರಾಟಕ್ಕೆ ಮೇಲೇರಲೇಬೇಕು, ಅದರ ಮೇಲ್ಭಾಗದಲ್ಲಿ ತೇಲಿ ದಾರಿ ಅಡ್ಡಗಟ್ಟಬೇಡಿ. ಕಡಲಕುದುರೆಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲ. ಸ್ಟ್ರೋಬ್ ಇಲ್ಲದೆ ಮೂರು ನಾಲ್ಕು ಚಿತ್ರ ತೆಗೆದು ಹೊರಡಿ, ಚೆನ್ನಾಗಿ ಕಾಣಲೆಂದು ಬೆರಳಿನಿಂದ ತಿರುಗಿಸುವುದಂತೂ ಬೇಡವೇ ಬೇಡ. ಕೆಲವು ಗೈಡ್‌ಗಳು ಫೋಟೋಗ್ರಾಫರ್‌ಗಳ ಸಂತೋಷಕ್ಕೆಂದೇ ಕಡ್ಡಿಯಿಂದ ಜೀವಿಗಳನ್ನು ಎಳೆದು ತೋರಿಸುತ್ತಾರೆ. ನೀರಿಗಿಳಿಯುವ ಮುನ್ನವೇ ‘ನಮಗಾಗಿ ಏನನ್ನೂ ಮುಟ್ಟಬೇಡಿ, ಸರಿಸಬೇಡಿ’ ಎಂದು ಸೌಮ್ಯವಾಗಿ ಹೇಳಿಬಿಡಿ, ನೀರೊಳಗೆ ಹೇಳಲು ಆಗದು. ನಿಮಗೂ ಒಂದು ಲೋಹದ ಕಡ್ಡಿ ಬೇಕಾದರೆ, ಅದನ್ನು ಮರಳಿನ ಮೇಲೆ ಅಥವಾ ಜೀವಿಗಳಿಲ್ಲದ ಬಂಡೆಯ ಮೇಲೆ ಒಂದು ಬೆರಳಿನ ಊರುಗೋಲಾಗಿ ಮಾತ್ರ ಬಳಸಿ.

ಸನ್‌ಸ್ಕ್ರೀನ್ ಬಗ್ಗೆಯೂ ಕೇಳಿದ್ದೀರಿ. ಆಕ್ಸಿಬೆನ್‌ಜೋನ್, ಆಕ್ಟಿನೋಕ್ಸೇಟ್ ಎಂಬ ರಾಸಾಯನಿಕಗಳಿರುವವನ್ನು ಬಿಡಿ. ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವು 2020ರಿಂದ ಇವೂ ಸೇರಿದಂತೆ ಹಲವು ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ನಿಷೇಧಿಸಿದೆ, ಹವಾಯಿ 2021ರಿಂದ ಈ ಎರಡಿರುವುದರ ಮಾರಾಟ ನಿಲ್ಲಿಸಿದೆ. ಅದಕ್ಕಿಂತ ಸುಲಭದ ಉಪಾಯ ಉದ್ದ ತೋಳಿನ ಈಜುಡುಪು. ಮುಖ, ಕೈಗಳಿಗಷ್ಟೇ ಜಿಂಕ್ ಆಕ್ಸೈಡ್ ಸಾಕು. ಒಂದು ಹವಳದ ದಿಬ್ಬದಿಂದ ಇನ್ನೊಂದಕ್ಕೆ ಹೋಗುವ ಮೊದಲು ಫಿನ್, ಜಾಕೆಟ್, ವೆಟ್‌ಸೂಟ್ ತೊಳೆದು ಪೂರ್ತಿ ಒಣಗಿಸಿ. 2014ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಹವಳದ ಅಂಗಾಂಶ ಕರಗಿಸುವ ರೋಗ ಕೆರಿಬಿಯನ್‌ಗೆಲ್ಲ ಹಬ್ಬಿದ ಮೇಲೆ ಅಲ್ಲಿ ಇದು ಡೈವರ್‌ಗಳ ಸಾಮಾನ್ಯ ಶಿಸ್ತಾಗಿದೆ.

ದಡದಲ್ಲಿ ಗಮನಿಸಬೇಕಾದದ್ದು ಕಡಿಮೆ, ಆದರೆ ಪರಿಣಾಮ ದೊಡ್ಡದು. ಹೊರಡುವ ಮುನ್ನ ಮನೆಯಲ್ಲೇ ಶೂ ಅಡಿಯ ಮಣ್ಣು, ಬ್ಯಾಗಿನ ಮೂಲೆಯ ಬೀಜಗಳನ್ನು ಕೊಡವಿಬಿಡಿ, ದ್ವೀಪದ ಸಸ್ಯಗಳಿಗೆ ಹೊರಗಿನ ಕಳೆ ಮಾರಕ. ಖಾಲಿ ಚಿಪ್ಪುಗಳನ್ನು ತರಬೇಡಿ, ಸನ್ಯಾಸಿ ಏಡಿಗಳಿಗೆ ಅದೇ ಮನೆ. ಕಡಲಹಕ್ಕಿಗಳು ತಲೆಯ ಮೇಲೆ ಎರಗಿ ಕೂಗತೊಡಗಿದರೆ ಗೂಡು ಕಾಲಡಿಯಲ್ಲೇ ಎಲ್ಲೋ ಇದೆ. ನಿಂತಲ್ಲೇ ನೆಲ ನೋಡಿಕೊಂಡು ಬಂದ ಹೆಜ್ಜೆಯಲ್ಲೇ ಹಿಂದಿರುಗಿ, ಅಲ್ಲಿ ಡ್ರೋನ್ ಹಾರಿಸಬೇಡಿ. ಆಮೆಗಳು ಮೊಟ್ಟೆಯಿಡುವ ದಡದಲ್ಲಿ ರಾತ್ರಿ ಫ್ಲ್ಯಾಶ್, ಮೊಬೈಲ್ ಟಾರ್ಚ್ ಬೇಡ. ಕಡಲಿನ ಹೊಳಪಿನತ್ತ ಸಾಗಬೇಕಾದ ಮರಿಗಳು ಆ ಬೆಳಕಿನ ಕಡೆಗೆ ತಿರುಗಿ ನೆಲದತ್ತ ನಡೆದು ಸಾಯುತ್ತವೆ. ಗೂಡು, ಅಪರೂಪದ ಜೀವಿಗಳ ಚಿತ್ರವನ್ನು ಹಂಚುವಾಗ ಫೈಲ್‌ನಲ್ಲಿರುವ ಜಿಪಿಎಸ್ ಮಾಹಿತಿ ಅಳಿಸಿ, ಬರೀ ದ್ವೀಪದ ಹೆಸರು ಹಾಕಿ.