ಕೂಗೋದು ಬೇರೆ, ಕದ್ದು ನೋಡೋದು ಬೇರೆ: ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ: ನಮ್ದು ಶಿರಸಿಯಿಂದ ಒಳಗಿನ ಊರು. ಮನೆಲಿ ಒಂದೇ ಕಂಪ್ಯೂಟರ್, ತೋಟದ ಲೆಕ್ಕ, ಬ್ಯಾಂಕ್ ಕೆಲಸ, ಮಗಳ ಕಾಲೇಜಿಂದು ಎಲ್ಲಾ ಅದ್ರಲ್ಲೇ. ಒಂದು ತಿಂಗಳಿಂದ ಬಲಗಡೆ ಕೆಳಗಿನ ಮೂಲೆಲಿ "5 ವೈರಸ್ ಸಿಕ್ಕಿದೆ, ಈಗ್ಲೇ ತೆಗೀರಿ" ಅಂತ ಟಣ್ ಟಣ್ ಅಂತ ಬರ್ತಾನೇ ಇದೆ. ರಿಪೇರಿಯವ್ರು ಫಾರ್ಮ್ಯಾಟ್ ಮಾಡಿ ಆಂಟಿ ಸ್ಪೈವೇರ್ ಹಾಕ್ಬೇಕು, 2500 ರೂಪಾಯಿ ಆಗ್ತದೆ ಅಂದ್ರು. ಯಾವ್ದು ತಗೊಂಡ್ರೆ ಒಳ್ಳೇದು?

ಉತ್ತರ: ಸದ್ಯಕ್ಕೆ ಯಾವ್ದೂ ತಗೋಬೇಡಿ ಮಾರಾಯ್ರೆ, 2500 ರೂಪಾಯಿ ಹಾಗೇ ಇರ್ಲಿ. ನೀವು ಹೇಳಿದ್ದು ನೋಡಿದ್ರೆ ಅದು ಹೆಚ್ಚಾಗಿ ವೈರಸ್ಸೂ ಅಲ್ಲ, ಕದ್ದು ನೋಡೋ ಸ್ಪೈವೇರೂ ಅಲ್ಲ, ಬ್ರೌಸರ್ (ಇಂಟರ್ನೆಟ್ ನೋಡೋ ಕ್ರೋಮ್ ಥರದ ಪ್ರೋಗ್ರಾಂ) ತೋರ್ಸೋ ನೋಟಿಫಿಕೇಷನ್. ಅಡಿಕೆ ರೇಟ್ ನೋಡೋಕೋ ರಿಸಲ್ಟ್ ನೋಡೋಕೋ ಯಾವ್ದೋ ಸೈಟಿಗೆ ಹೋದಾಗ "ಅಲೋ" (ಅನುಮತಿ ಕೊಡಿ) ಅಂತ ಒಂದು ಬಟನ್ ಬಂದಿರ್ತದೆ, ಅದನ್ನ ಒತ್ತದೆ ಮುಂದೆ ಹೋಗೋಕಾಗಲ್ಲ ಅಂತ ಒತ್ತಿಬಿಟ್ಟಿರ್ತೀವಿ, ಅವತ್ತಿಂದ ಆ ಸೈಟಿನವ್ರು ಬೇಕಾದಾಗೆಲ್ಲಾ ನಿಮ್ಮ ಮೂಲೆಲಿ ಚೀಟಿ ಅಂಟಿಸ್ತಾ ಇರ್ತಾರೆ. ಮುಂದಿನ ಸಲ ಬಂದಾಗ ಕೆಂಪು ಅಕ್ಷರ ಬಿಟ್ಟು ಆ ಚೀಟಿಲಿ ಸಣ್ಣಕೆ ಬೂದು ಬಣ್ಣದಲ್ಲಿ ಏನಿದೆ ಅಂತ ಕಣ್ಣು ಹತ್ರ ಇಟ್ಟು ಓದಿ, ಕ್ರೋಮ್ ಅಂತ್ಲೂ ಪಕ್ಕದಲ್ಲಿ ತಲೆಬುಡ ಇಲ್ಲದ ಒಂದು ಸೈಟಿನ ಹೆಸ್ರೂ ಇದ್ರೆ ಕಳ್ಳ ಅಲ್ಲೇ ಸಿಕ್ಕ. ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಆಂಡ್ ಸೆಕ್ಯುರಿಟಿ, ಅದ್ರೊಳಗೆ ಸೈಟ್ ಸೆಟ್ಟಿಂಗ್ಸ್, ಅದ್ರೊಳಗೆ ನೋಟಿಫಿಕೇಷನ್ಸ್. ಅನುಮತಿ ಸಿಕ್ಕಿರೋ ಸೈಟುಗಳ ಪಟ್ಟಿ ಅಲ್ಲಿದೆ, ಗುರ್ತಿಲ್ಲದ್ದನ್ನೆಲ್ಲಾ ಬ್ಲಾಕ್ ಮಾಡಿ. ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸೋ ಸಣ್ಣ ಪ್ರೋಗ್ರಾಂ) ಪಟ್ಟಿನೂ ಹಾಗೇ ನೋಡಿ, ನೀವು ಹಾಕದೇ ಇದ್ದದ್ದು ಅಲ್ಲಿದ್ರೆ ತೆಗೀರಿ.

ನಿಜವಾದ ಸ್ಪೈವೇರ್ ಕೂಗಲ್ಲ, ಸುಮ್ನೆ ಕೂತು ನೀವು ಟೈಪ್ ಮಾಡಿದ್ದು, ಸೇವ್ ಮಾಡಿಟ್ಟ ಪಾಸ್‌ವರ್ಡ್ ಇದನ್ನೆಲ್ಲಾ ಹೊರಗೆ ಕಳಿಸ್ತಾ ಇರ್ತದೆ. ಅದಕ್ಕೇ ಚೀಟಿ ನಿಂತ್ರೂ ಒಂದ್ಸಲ ಪೂರ್ತಿ ಹುಡುಕಿಸೋದು ಒಳ್ಳೇದು. ವಿಂಡೋಸ್ 10, 11ರಲ್ಲಿ ಮೈಕ್ರೋಸಾಫ್ಟ್‌ನದ್ದೇ ಆಂಟಿವೈರಸ್ ಡಿಫೆಂಡರ್ ಮೊದ್ಲೇ ಇರ್ತದೆ, ದುಡ್ಡಿಲ್ಲ. ವಿಂಡೋಸ್ ಸೆಕ್ಯುರಿಟಿ ತೆಗೆದು ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಫುಲ್ ಸ್ಕ್ಯಾನ್ ಕೊಡಿ. ಆಮೇಲೆ ಅಲ್ಲೇ ಕೆಳಗೆ ಆಫ್‌ಲೈನ್ ಸ್ಕ್ಯಾನ್ ಅಂತಿದೆ ನೋಡಿ, ಅದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ವಿಂಡೋಸ್ ಏಳೋಕೆ ಮುಂಚೆನೇ ಹುಡುಕ್ತದೆ, ಅದಕ್ಕೇ ಒಳಗೆ ಅಡಗಿ ಕೂತದ್ದೂ ಸಿಗ್ತದೆ. ಸುಮಾರು 15 ನಿಮಿಷದ ಕೆಲಸ, ಆದ್ರೆ ನಮ್ಮ ಕಡೆ ಮಳೆ ಗಾಳಿ ಶುರುವಾದ್ರೆ ಕರೆಂಟ್ ಯಾವಾಗ ಹೋಗ್ತದೆ ಹೇಳೋಕಾಗಲ್ಲ, ಯುಪಿಎಸ್ ಇಲ್ದಿದ್ರೆ ವಾತಾವರಣ ನೋಡ್ಕೊಂಡು ಮಾಡಿ. ಎರಡನೇ ಅಭಿಪ್ರಾಯ ಬೇಕು ಅಂದ್ರೆ ಮಾಲ್‌ವೇರ್‌ಬೈಟ್ಸ್ ಇದೆ, ಬೇಕಾದಾಗ ಸ್ಕ್ಯಾನ್ ಮಾಡಿ ತೆಗೆಯೋದು ಅದ್ರಲ್ಲಿ ಫ್ರೀ, ಸದಾ ಕಾಯೋಕೆ ಮಾತ್ರ ದುಡ್ಡು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ 2017ರಲ್ಲಿ ಶುರುವಾಗಿದ್ದಿದೆ, ಅಲ್ಲೂ ಫ್ರೀ ಟೂಲ್ ಸಿಗ್ತದೆ. ಇಂಥದ್ದನ್ನ ಆಯಾ ಕಂಪನಿ ಸೈಟಿಂದ್ಲೇ ಇಳಿಸ್ಕೊಳ್ಳಿ, ಗೂಗಲ್‌ನಲ್ಲಿ ಮೇಲ್ಗಡೆ ಬರೋ ಜಾಹೀರಾತಿಂದ ಬೇಡ.

ಚೀಟಿ ಒತ್ತಿದ್ರೆ ಬರೋ "ಕ್ಲೀನರ್" ಮಾತ್ರ ಖಂಡಿತಾ ಹಾಕ್ಬೇಡಿ. ಇದು ಹಳೇ ಆಟ. ವಿನ್‌ಫಿಕ್ಸರ್ ಅಂತ ಒಂದಿತ್ತು, ಇಲ್ಲದ ತೊಂದ್ರೆ ತೋರ್ಸಿ ದುಡ್ಡು ಕೀಳೋದು, ಅದನ್ನ ಮಾರ್ತಿದ್ದವರ ಮೇಲೆ 2008ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕ್ತು, ಮೋಸ ಹೋದವ್ರು 10 ಲಕ್ಷಕ್ಕೂ ಜಾಸ್ತಿ. ಈಗ ಫೋನ್ ನಂಬರೂ ಹಾಕ್ತಾರೆ. ಮೈಕ್ರೋಸಾಫ್ಟ್‌ನ ಎಚ್ಚರಿಕೆಲಿ ಫೋನ್ ನಂಬರ್ ಇರೋದೇ ಇಲ್ಲ. ನಮ್ಮ ಪರಿಚಯದ ಹಿರಿಯರೊಬ್ರು ಆ ನಂಬರಿಗೆ ಫೋನ್ ಮಾಡಿ, ಅವ್ರು ಹೇಳಿದ್ದೆಲ್ಲಾ ಇಳಿಸಿ, ತಮ್ಮ ಮೌಸ್ ತಾನೇ ಓಡಾಡೋದನ್ನ ನೋಡ್ತಾ ಕೂತಿದ್ರು, ಬ್ಯಾಂಕ್ ಪೇಜ್ ತೆರೆದಾಗ ಅವರ ಮೊಮ್ಮಗ ಓಡಿಹೋಗಿ ಇಂಟರ್ನೆಟ್ ವೈರ್ ಕಿತ್ತ. ಅವತ್ತು ಅದೊಂದೇ ಸರಿಯಾದ ಕೆಲಸ. ದುಡ್ಡು ಹೋಗೇಬಿಟ್ಟಿದ್ರೆ ಒಂದು ನಿಮಿಷನೂ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳ್ಸಿ.

ಸ್ಕ್ಯಾನ್‌ನಲ್ಲಿ ಏನಾದ್ರೂ ಸಿಕ್ರೆ ತೆಗ್ಸಿ, ಆಮೇಲೆ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ, ಅದೂ ಬೇರೆ ಫೋನಿಂದ. ಫಾರ್ಮ್ಯಾಟ್ ಕೊನೇ ದಾರಿ. ಅದಕ್ಕೆ ಮುಂಚೆ ಲೆಕ್ಕದ ಫೈಲು, ಫೋಟೋ ಎಲ್ಲಾ ಬೇರೆ ಕಡೆ ಇಟ್ಕೊಳ್ಳಿ, ಅಂಗಡಿಯವ್ರು ಕೇಳದೇ ಅಳಿಸಿದ್ದಕ್ಕೆ ಅತ್ತವರನ್ನ ನಾನು ನೋಡಿದೀನಿ.

ಪ್ರಶ್ನೆ: ಜಾಸ್ತಿ ರಕ್ಷಣೆ ಇರ್ಲಿ ಅಂತ ಮೂರು ಆಂಟಿವೈರಸ್ ಹಾಕಿದೀನಿ, ಕಂಪ್ಯೂಟರ್ ಆಮೆ ಥರ ಆಗಿದೆ. (ಕಾರವಾರದ ಓದುಗರು)

ಉತ್ತರ: ಒಂದನ್ನ ಇಟ್ಟು ಎರಡು ತೆಗೀರಿ. ಸದಾ ಕಾಯೋ ಕೆಲಸದವು ಎರಡು ಮೂರು ಇದ್ರೆ ಒಂದೇ ಫೈಲನ್ನ ಎಲ್ಲವೂ ಹಿಡಿದು ಎಳೀತವೆ, ಒಂದನ್ನೊಂದು ಕಳ್ಳ ಅಂತ ತಿಳ್ಕೊಳ್ಳೋದೂ ಉಂಟು. ಬೇರೆ ಆಂಟಿವೈರಸ್ ಹಾಕಿದ ಕೂಡ್ಲೇ ಡಿಫೆಂಡರ್ ತಾನೇ ಹಿಂದೆ ಸರೀತದೆ, ಅದನ್ನ ತೆಗೆದ್ರೆ ಮತ್ತೆ ಎದ್ದು ಬರ್ತದೆ.

ಪ್ರಶ್ನೆ: ಕ್ರ್ಯಾಕ್ ಹಾಕಿದ (ದುಡ್ಡು ಕೊಡದೆ ಕಳ್ಳದಾರಿಲಿ ಹಾಕಿದ) ಮೈಕ್ರೋಸಾಫ್ಟ್ ಆಫೀಸ್ ಇದೆ, ಹಾಕೋವಾಗ ಡಿಫೆಂಡರ್ ಆಫ್ ಮಾಡಿ ಅಂದಿದ್ರು. ಮಾಡಿದೆ. ತೊಂದ್ರೆ ಉಂಟಾ? (ಕುಮಟಾದಿಂದ)

ಉತ್ತರ: ಉಂಟು. ನಾಯಿ ಕಟ್ಟಿಹಾಕಿ ಬಾಗಿಲು ತೆಗೀರಿ ಅಂದವ್ರನ್ನ ಒಳಗೆ ಬಿಟ್ಟ ಹಾಗಾಯ್ತು. ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂಗಳು ಬರೋ ದೊಡ್ಡ ದಾರಿಲಿ ಈ ಕ್ರ್ಯಾಕೂ ಒಂದು. ಅದನ್ನ ತೆಗೆದು, ಡಿಫೆಂಡರ್ ಆನ್ ಮಾಡಿ, ಎಕ್ಸ್‌ಕ್ಲೂಷನ್ಸ್ ಪಟ್ಟಿ ಖಾಲಿ ಮಾಡಿ (ಡಿಫೆಂಡರ್ ಮುಟ್ಟದೆ ಬಿಡೋದರ ಪಟ್ಟಿ ಅದು, ಕ್ರ್ಯಾಕ್ ತನ್ನ ಹೆಸ್ರನ್ನ ಅಲ್ಲಿ ಸೇರಿಸ್ಕೊಂಡಿರ್ಬಹುದು), ಆಮೇಲೆ ಆಫ್‌ಲೈನ್ ಸ್ಕ್ಯಾನ್. ಪತ್ರ, ಲೆಕ್ಕ ಬರೆಯೋಕೆ ಲಿಬ್ರೆಆಫೀಸ್ ಫ್ರೀ ಸಿಗ್ತದೆ, ಕನ್ನಡನೂ ಚೆನ್ನಾಗೇ ಬರ್ತದೆ, ನಾನು ಈ ಅಂಕಣ ಬರೆಯೋದೂ ಅದ್ರಲ್ಲೇ.