ಎದೆನೋವು ಅಂತ ಬಂದವರಿಗೆ ಸಣ್ಣ ಕ್ಲಿನಿಕ್‌ನಲ್ಲಿ ವೈದ್ಯರು ಮೊದಲು ಏನು ಮಾಡಬೇಕು?

ಮೊದಲ ಕೆಲಸ ಇಸಿಜಿ. ರೋಗಿ ಬಂದ 10 ನಿಮಿಷದೊಳಗೆ ಅದು ಆಗಬೇಕು. ನೋವು ಯಾವಾಗ ಶುರುವಾಯಿತು, ಕೈಗೋ ದವಡೆಗೋ ಹರಡಿದೆಯಾ, ಬೆವರಿದ್ದಾರಾ ಅಂತ ಆ ಹೊತ್ತಿನಲ್ಲೇ ಕೇಳಬಹುದು.

ಎಡವುವುದು ಇಲ್ಲೇ. ಮೊದಲ ಇಸಿಜಿ ಸರಿಯಾಗಿದೆ ಅಂದ ಮಾತ್ರಕ್ಕೆ ಹೃದಯಾಘಾತ ಇಲ್ಲ ಅಂತಲ್ಲ. ಅನುಮಾನ ಇದ್ದರೆ 15–30 ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಕೆಲವೊಮ್ಮೆ ಎದೆನೋವೇ ಇರುವುದಿಲ್ಲ. ಬರೀ ಏದುಸಿರು, ಸುಸ್ತು, ವಾಂತಿ. ಅದನ್ನು ಸುಮ್ನೆ ಗ್ಯಾಸ್ ಅಂತ ಮನೆಗೆ ಕಳಿಸಿದರೆ ಜೀವವೇ ಹೋಗಬಹುದು. ಆಂಟಾಸಿಡ್ ಕುಡಿದ ಮೇಲೆ ನೋವು ಇಳಿಯಿತು ಅನ್ನುವುದೂ ಪುರಾವೆಯಲ್ಲ.

ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ ಆಸ್ಪಿರಿನ್ 300 ಮಿ.ಗ್ರಾಂ. ಅಗಿದು ನುಂಗಲು ಹೇಳಿ. ಆದರೆ ಸೀಳಿದಂಥ ನೋವು ಬೆನ್ನಿಗೆ ಹೋಗಿದ್ದರೆ, ಎರಡು ಕೈಗಳ ಬಿಪಿಯಲ್ಲಿ ತುಂಬಾ ವ್ಯತ್ಯಾಸ ಇದ್ದರೆ ತಡೆಯಿರಿ. ಮಹಾಪಧಮನಿಯ ಗೋಡೆ ಸೀಳಿರಬಹುದು, ಆಗ ಆಸ್ಪಿರಿನ್ ಅಪಾಯ. ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ ಅಥವಾ ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್ (ವಯಾಗ್ರದಂಥ ಲೈಂಗಿಕ ದೌರ್ಬಲ್ಯದ ಮಾತ್ರೆ) ತಗೊಂಡಿದ್ದರೆ, ರಕ್ತನಾಳ ಹಿಗ್ಗಿಸಲು ನಾಲಿಗೆ ಕೆಳಗಿಡುವ ನೈಟ್ರೇಟ್ ಬೇಡ. ಈ ಮಾತ್ರೆಯ ವಿಷಯ ರೋಗಿ ತಾನಾಗಿ ಹೇಳುವುದು ಕಷ್ಟ ಅಲ್ವಾ, ನೀವೇ ಮೆಲ್ಲಗೆ ಕೇಳಿ. ಆಮ್ಲಜನಕ ಬೇಕಾಗುವುದು ರಕ್ತದಲ್ಲಿ ಅದರ ಮಟ್ಟ 90%ಕ್ಕಿಂತ ಕೆಳಗಿದ್ದಾಗ.

ಇಸಿಜಿಯಲ್ಲಿ ಎಸ್‌ಟಿ ಭಾಗ (ಪ್ರತಿ ಬಡಿತದ ಗೆರೆಯ ಒಂದು ತುಣುಕು) ಏರಿದ್ದರೆ ಟ್ರೋಪೋನಿನ್, ಅಂದರೆ ಹೃದಯಕ್ಕಾದ ಹಾನಿ ತೋರಿಸುವ ರಕ್ತಪರೀಕ್ಷೆಯ ವರದಿಗೆ ಕಾಯಬೇಡಿ. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳ ಬಿಡಿಸುವ ಚಿಕಿತ್ಸೆ) ಸಿಗುವಂತಿದ್ದರೆ ಅಲ್ಲಿಗೇ ಆಂಬುಲೆನ್ಸ್‌ನಲ್ಲಿ ಕಳಿಸಿ. ಸಿಗದಿದ್ದರೆ, ನೋವು ಶುರುವಾಗಿ 12 ಗಂಟೆ ದಾಟಿಲ್ಲದಿದ್ದರೆ, ಹೆಪ್ಪು ಕರಗಿಸುವ ಔಷಧದ ದಾರಿ ನೋಡಬೇಕು. ಹೊರಡುವವರೆಗೂ ಡಿಫಿಬ್ರಿಲೇಟರ್ (ಹೃದಯ ಲಯ ತಪ್ಪಿದರೆ ಶಾಕ್ ಕೊಡುವ ಯಂತ್ರ) ಪಕ್ಕದಲ್ಲೇ ಇರಲಿ. ಇಸಿಜಿ ಪ್ರತಿ ಜೊತೆಗೆ ಕೊಡಿ, ಔಷಧ ಕೊಟ್ಟ ಸಮಯ ಬರೆದಿಡಿ, ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ.